ಅಪ್ಪನ 'ನೋಡೋಣ'

ನಮ್ಮ ಅಪ್ಪ ಯಾರಿಗೂ 'ಇಲ್ಲ' ಅಂದವರಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ನಂಜನಗೂಡಿನ ಬಜಾರಿನಲ್ಲಿ ಬಿತ್ತನೆ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಸೋಮಶೇಖರ್ ಅಂದರೆ ಊರಿಗೆಲ್ಲ ಒಳ್ಳೆಯ ಮನುಷ್ಯ. ಅವರಿಗೆ ಆಗದ, ಬೇಡದ, ಇಷ್ಟವಿಲ್ಲದ ಎಲ್ಲದಕ್ಕೂ ಒಂದೇ ಉತ್ತರ, 'ನೋಡೋಣ'. ಸಂಘದ ಅಧ್ಯಕ್ಷರಾಗಿ ಅಂದರೆ ನೋಡೋಣ. ಬಿಳಿಗೆರೆಯಿಂದ ಯಾರೋ ಬಂದು ಗೃಹಪ್ರವೇಶಕ್ಕೆ ಕರೆದರೆ ನೋಡೋಣ. ಅಮ್ಮ ಅಡುಗೆಮನೆಗೆ ಇನ್ನೊಂದು ಕಿಟಕಿ ಇಡಿಸಿ ಅಂತ ಹದಿನೈದು ವರ್ಷದಿಂದ ಕೇಳುತ್ತಿದ್ದಳು, ಅದಕ್ಕೂ ನೋಡೋಣ. 'ಡೋ' ಅನ್ನುವುದನ್ನು ಸ್ವಲ್ಪ ಎಳೆದು, ತಲೆಯನ್ನು ಎಡಕ್ಕೆ ವಾಲಿಸಿ ಹೇಳಿದರೆಂದರೆ ಅದು ಆಗುವ ಕೆಲಸವಲ್ಲ ಅಂತ ಕೇಳಿದವರಿಗೆ ತಿಳಿಯುತ್ತಿತ್ತು. ಕಾಫಿ ಕುಡಿದು, ಬೇಜಾರಿಲ್ಲದೆ ಎದ್ದು ಹೋಗುತ್ತಿದ್ದರು.

ತಿಳಿಯದೆ ಹೋದದ್ದು ಒಬ್ಬರಿಗೆ ಮಾತ್ರ. ಮೈಸೂರಿನಲ್ಲಿ ವಿದ್ಯಾರ್ಥಿಗಳನ್ನು ದೇಶದಿಂದ ದೇಶಕ್ಕೆ ಕಳಿಸುವ ಒಂದು ಸಂಸ್ಥೆ ಇತ್ತು. ಅದರ ಕಾರ್ಯದರ್ಶಿ ಮೇಡಂ ಉತ್ತರದ ಕಡೆಯವರು, ಕನ್ನಡವನ್ನು ಕ್ಲಾಸಿಗೆ ಹೋಗಿ ಕಲಿತವರು. ೨೦೦೩ರ ಜುಲೈನಲ್ಲಿ ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಚೀಟಿ ಹಿಡಿದುಕೊಂಡು ಅಂಗಡಿಗೆ ಬಂದು, "ಹಾಲೆಂಡಿನ ಒಬ್ಬಳು ಹುಡುಗಿ ಆರು ತಿಂಗಳು ನಿಮ್ಮ ಮನೆಯಲ್ಲಿ ಇರಬಹುದಾ?" ಅಂತ ಕೇಳಿದರು. ಅಪ್ಪ ತಲೆ ವಾಲಿಸಿ, "ನೋಡೋಣ ಮೇಡಂ" ಅಂದರು. ಮೇಡಂ ಥ್ಯಾಂಕ್ಸ್ ಹೇಳಿ ಡೈರಿಯಲ್ಲಿ ಬರೆದುಕೊಂಡು ಹೋದರು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮನೆ ಮುಂದೆ ಟ್ಯಾಕ್ಸಿ ನಿಂತಿತು. ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಉದ್ದದ ಹುಡುಗಿಯೊಬ್ಬಳು ಇಳಿದು, ಎರಡೂ ಕೈ ಜೋಡಿಸಿ, "ನಮಸ್ಕಾರ. ನಾನು ನಿಮ್ಮ ಮಗಳು" ಅಂದಳು. ಅಪ್ಪ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದರು. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, "ಬಾ ಕೂಸೇ, ಒಳಕ್ ಬಾ, ಬಿಸ್ಲು" ಅಂದಳು.

ಹುಡುಗಿಯ ಹೆಸರು ಮಾರೈಕೆ. ಊರು ಝ್ವೊಲೆ. ನನ್ನಷ್ಟೇ, ಹದಿನೆಂಟು ವರ್ಷ. ಅಮ್ಮನಿಗೆ ಆ ಹೆಸರಿನ ಮೊದಲರ್ಧವೇ ಕಿವಿಗೆ ಬಿದ್ದದ್ದು. "ಮನೇಲಿ ಮಾರಿ ಮಾರಿ ಅಂತ ಕೂಗಕ್ಕಾದದಾ? ನಾ ಮರಿ ಅಂತೀನಿ" ಅಂದುಬಿಟ್ಟಳು. ಅಂದಿನಿಂದ ಆರಡಿಯ ಆ ಹುಡುಗಿ ನಮ್ಮ ಬೀದಿಗೆಲ್ಲ ಮರಿ.

ಟ್ಯಾಕ್ಸಿಯಲ್ಲಿ ಅವಳ ಜೊತೆಗೆ ಬಂದಿದ್ದ ಮೇಡಂ ಆ ದಿನವೇ ಸಂಸ್ಥೆಯ ನಿಯಮವನ್ನೂ ಹೇಳಿದರು. ಯಾವ ಮನೆ ಒಂದು ಮಗುವನ್ನು ಇಟ್ಟುಕೊಳ್ಳುತ್ತದೋ ಆ ಮನೆಯ ಮಗು ಮುಂದಿನ ವರ್ಷ ಅವರ ಮನೆಗೆ ಹೋಗಿ ಒಂದು ವರ್ಷ ಓದಬಹುದು. ಖರ್ಚೆಲ್ಲ ಸಂಸ್ಥೆಯದೇ. ಬೇಕಾದದ್ದು ಎರಡು: ನಮ್ಮ ಮನೆಯಲ್ಲಿ ಚೆನ್ನಾಗಿದ್ದೆ ಅಂತ ಮಾರೈಕೆಯ ಒಂದು ಪತ್ರ, ಮತ್ತು ಜನವರಿ ಮೂವತ್ತೊಂದರೊಳಗೆ ಅರ್ಜಿಯ ಮೇಲೆ ಅಪ್ಪನ ಸಹಿ. ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ನನ್ನ ಬದುಕು ಮನೆಯಿಂದ ಕಾಲೇಜು, ಕಾಲೇಜಿನಿಂದ ಮನೆ. ನಡುವೆ ಸುತ್ತೂರಿನ ನೆಂಟರ ಮನೆ. ಮೈಸೂರಿಗೆ ಹೋಗಬೇಕಾದರೂ ಅಮ್ಮ ಜೊತೆಗೆ. ಝ್ವೊಲೆ ಅನ್ನುವ ಹೆಸರನ್ನು ಕೇಳಿದ ಆ ಕ್ಷಣದಿಂದ ನನಗೆ ಬೇರೇನೂ ಬೇಕಾಗಿರಲಿಲ್ಲ. ಸಂಜೆ ಅಪ್ಪನ ಹತ್ತಿರ ಹೋಗಿ, "ಅಪ್ಪ, ನಾನು ಹೋಗ್ಲಾ?" ಅಂತ ಕೇಳಿದೆ.

"ನೋಡೋಣ ಕಣವ್ವ" ಅಂದರು.

ತಲೆ ವಾಲಿತ್ತು. ನಾನು ನೋಡಿದೆ. ನೋಡಿಯೂ ನೋಡದವಳಂತಿದ್ದೆ. ಒಂದು 'ನೋಡೋಣ' ಅವಳನ್ನು ಇಲ್ಲಿಗೆ ತಂದಿರುವಾಗ ಇನ್ನೊಂದು ನನ್ನನ್ನು ಅಲ್ಲಿಗೆ ಯಾಕೆ ಕಳಿಸಬಾರದು ಅಂತ ನನಗೆ ನಾನೇ ಹೇಳಿಕೊಂಡೆ.

ಇನ್ನು ಆ ಆರು ತಿಂಗಳ ಕಥೆ. ಅತಿಥಿಯನ್ನು ನೋಡಿಕೊಳ್ಳುವುದು ಎಷ್ಟು ಸಿಟ್ಟು ತರಿಸುವ ಕೆಲಸ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಅವಳ ಕನ್ನಡ ಪುಸ್ತಕದ ಕನ್ನಡ, ಬರುವ ಮೊದಲು ಅವಳ ಊರಿನಲ್ಲೇ ಓದಿ ಕಲಿತದ್ದು. "ನಾನು ಸ್ನಾನ ಮಾಡಬಹುದೇ?" ಅಂದರೆ ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ನಮ್ಮ ಮಾತು ಅವಳಿಗೆ ಹಿಡಿಯುತ್ತಿರಲಿಲ್ಲ. "ಎಲ್ಲೋಗಿದ್ದೆ, ಉಂಡ್ಯಾ, ಬತ್ತೀಯಾ" ಅನ್ನುವುದೆಲ್ಲ ಅವಳ ನಿಘಂಟಿನಲ್ಲಿರಲಿಲ್ಲ. ಹಾಗಾಗಿ ಎರಡೂ ಕಡೆಗೆ ನಾನೇ ನಾಲಿಗೆ. ಅಮ್ಮ ಹೇಳಿದ್ದನ್ನು ಅವಳಿಗೆ, ಅವಳು ಹೇಳಿದ್ದನ್ನು ಅಮ್ಮನಿಗೆ, ಇಂಗ್ಲಿಷಿನಲ್ಲಿ, ಕನ್ನಡದಲ್ಲಿ, ದಿನಕ್ಕೆ ನೂರು ಸಲ. ಜಗಳ ಹುಟ್ಟುವಂಥದ್ದನ್ನು ಅಲ್ಲಲ್ಲೇ ಕತ್ತರಿಸಿ ದಾಟಿಸುತ್ತಿದ್ದೆ.

ಕತ್ತರಿಸಬೇಕಾದದ್ದು ಬೇಕಾದಷ್ಟಿತ್ತು. ಕೋಣೆಯ ಬಾಗಿಲು ಹಾಕಿಕೊಂಡರೆ ಅಮ್ಮ ಬಡಿಯುತ್ತಿದ್ದಳು. "ಯಾಕ್ ಕೂಸೇ, ಉಸಾರಿಲ್ವಾ? ಬಾಗ್ಲ್ ಯಾಕ್ ಆಕೊಂಡೆ?" ಅಂತ. ನಮ್ಮ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿಕೊಳ್ಳುವುದು ಅಂದರೆ ಒಂದೋ ಕಾಯಿಲೆ, ಇಲ್ಲ ಮುನಿಸು. ಮಾರೈಕೆ ನನ್ನ ಕಡೆ ತಿರುಗಿ, "ಒಂದು ಗಂಟೆ ಒಬ್ಬಳೇ ಇರಬೇಕು, ಅಷ್ಟೇ. ಅವರಿಗೆ ಹೇಳು" ಅನ್ನುತ್ತಿದ್ದಳು. ನಾನು ಅಮ್ಮನಿಗೆ, "ಓದ್ಕೋತಾವ್ಳೆ" ಅನ್ನುತ್ತಿದ್ದೆ. ಓದುವ ಹುಡುಗಿಗೆ ಅಮ್ಮ ಹಾಲು ತೆಗೆದುಕೊಂಡು ಮತ್ತೆ ಬಾಗಿಲು ಬಡಿಯುತ್ತಿದ್ದಳು.

ಊಟದ್ದಂತೂ ಕೇಳಲೇಬೇಡಿ. ಸಾಕು ಅಂದರೆ ಇನ್ನೊಂದು ಸೌಟು. ಬೇಡ ಅಂದರೆ ಇನ್ನೂ ಎರಡು. ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಬಡಿಸುವುದು. ಬಡಿಸಿದ್ದನ್ನು ಬಿಡುವ ಹಾಗಿಲ್ಲ, ಪ್ರಸಾದ. ನೋಡಲು ಬರುವ ಬೀದಿಯ ಹೆಂಗಸರು ಬೇರೆ. ಅವಳ ಕೂದಲು ಮುಟ್ಟಿ ನೋಡಿ, "ನಿಜ್ವಾಗ್ಲೂ ಬಣ್ಣ ಅಚ್ಚಿಲ್ವಾ?" ಅಂತ ನನ್ನನ್ನು ಕೇಳುತ್ತಿದ್ದರು. ಅವಳು ನಗುತ್ತಾ ಕೂತಿರುತ್ತಿದ್ದಳು. ಹೋದ ಮೇಲೆ, "ನಾನೇನು ಅಂಗಡಿಯ ಬೊಂಬೆಯೇ?" ಅಂತ ನನ್ನ ಮೇಲೆ ಹಾಯುತ್ತಿದ್ದಳು. ನನ್ನ ಮೇಲೆ ಯಾಕೆ? ಕರೆದವಳು ನಾನಾ?

ಅವಳಿಗೆ ಬೇಕಿದ್ದದ್ದು ಒಂದೇ. ಸೈಕಲ್ ಹತ್ತಿ ಸೋಮನಾಥಪುರಕ್ಕೆ ಹೋಗಿ ಆ ದೇವಸ್ಥಾನ ನೋಡುವುದು. ನಂಜನಗೂಡಿನಿಂದ ಟಿ. ನರಸೀಪುರ, ಅಲ್ಲಿಂದ ಮುಂದಕ್ಕೆ ಹತ್ತು ಕಿಲೋಮೀಟರ್. ಅಷ್ಟು ದೂರ ಸೈಕಲ್ ತುಳಿಯುವುದು ಅವಳ ಊರಿನಲ್ಲಿ ಒಂದು ವಿಷಯವೇ ಅಲ್ಲವಂತೆ. ಬಂದ ಎರಡನೇ ವಾರ ಅಪ್ಪನನ್ನು ಕೇಳಿದಳು.

"ಅಪ್ಪ, ಸೋಮವಾರ ನಾನು ಸೋಮನಾಥಪುರಕ್ಕೆ ಹೋಗಬಹುದೇ?"

"ನೋಡೋಣ ಮರಿ."

ಅವಳ ಮುಖ ಅರಳಿತು. ಜೇಬಿನಿಂದ ಪುಟ್ಟ ಪುಸ್ತಕ ತೆಗೆದಳು. ಅದರಲ್ಲಿ ದಿನವೂ ಹೊಸ ಪದ, ಮನೆಯ ಹೊಸ ಪದ್ಧತಿ ಬರೆದುಕೊಳ್ಳುತ್ತಿದ್ದಳು. ನೋಡು, ನೋಡುತ್ತೇನೆ, ನೋಡೋಣ. ನಾವೆಲ್ಲ ಸೇರಿ ನೋಡುವುದು. ಪುಸ್ತಕದ ಪ್ರಕಾರ ತಪ್ಪೇನಿಲ್ಲ.

ಸೋಮವಾರ ಬೆಳಿಗ್ಗೆ ಐದೂವರೆಗೆ ಅವಳು ಬೂಟು ಹಾಕಿಕೊಂಡು, ಬೆನ್ನಿಗೆ ಚೀಲ ಏರಿಸಿ ಜಗುಲಿಯ ಮೇಲೆ ಕೂತಿದ್ದಳು. ಅಪ್ಪ ಲಿಂಗಪೂಜೆ ಮುಗಿಸಿ ಹೊರಗೆ ಬಂದರೆ ಎದ್ದು ನಿಂತು, "ಅಪ್ಪ, ನೋಡೋಣ?" ಅಂದಳು. ಅಪ್ಪನಿಗೆ ಏನೂ ಹೊಳೆಯಲಿಲ್ಲ. ನಾನು ಬಿಡಿಸಿ ಹೇಳಿದ ಮೇಲೆ ಗಲಿಬಿಲಿಯಾಗಿ, "ಇವತ್ತು ಲೋಡ್ ಬತ್ತದೆ ಕಣವ್ವ. ಮುಂದಿನ್ವಾರ ನೋಡೋಣ" ಅಂದರು. ಮುಂದಿನ ವಾರವೂ ಬೂಟು, ಚೀಲ, ಜಗುಲಿ. ಆಮೇಲಿನ ವಾರವೂ. ಮೂರನೇ ಸಲ ಬೂಟಿನ ದಾರ ಬಿಚ್ಚುತ್ತಾ ನನಗೆ ಹೇಳಿದಳು, "ನಿನ್ನ ಅಪ್ಪ ಸುಳ್ಳು ಹೇಳುತ್ತಾರೆ."

ನನಗೆ ಮೈಯೆಲ್ಲ ಉರಿಯಿತು. "ಸುಳ್ಳಲ್ಲ. ನೋಡೋಣ ಅಂದರೆ ಇಲ್ಲ ಅಂತ."

"ಹಾಗಾದರೆ ಇಲ್ಲ ಎಂದೇ ಏಕೆ ಹೇಳುವುದಿಲ್ಲ?"

"ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳೋದು ಮರ್ಯಾದೆ ಅಲ್ಲ."

"ನಿಜವಾಗಿ ನೋಡೋಣ ಎನ್ನಲು ಏನು ಹೇಳುತ್ತೀರಿ?"

"ಅದಕ್ಕೂ ನೋಡೋಣ ಅಂತಾನೇ."

ಅವಳು ಆ ಪುಟ್ಟ ಪುಸ್ತಕದಲ್ಲಿ 'ನೋಡೋಣ' ಅನ್ನುವುದರ ಮುಂದೆ ಬರೆದಿದ್ದನ್ನು ಹೊಡೆದು ಹಾಕಿ 'ಇಲ್ಲ' ಅಂತ ಬರೆದಳು. ಅವತ್ತು ಮಧ್ಯಾಹ್ನ ಅಮ್ಮ ಎರಡನೇ ಮುದ್ದೆ ಎತ್ತಿಕೊಂಡು ಬಂದಾಗ ಗಟ್ಟಿಯಾಗಿ "ನೋಡೋಣ" ಅಂದಳು. ಅಮ್ಮ ಖುಷಿಯಾಗಿ, "ಊಂ, ನೋಡು ಮರಿ, ಉಂಡ್ ನೋಡು" ಅಂತ ತಟ್ಟೆಗೆ ಹಾಕಿಯೇಬಿಟ್ಟಳು.

ಅವಳು ಅಳುವುದು ನನಗೆ ಗೊತ್ತಾದದ್ದು ಆ ವಾರವೇ. ಸಂಜೆ ಆರಕ್ಕೆ ಬಚ್ಚಲಿಗೆ ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಚಿಲಕ ಹಾಕಿಕೊಂಡರೆ ಯಾರೂ ಬಡಿಯದ ಬಾಗಿಲು ಅದೊಂದೇ. ನಲ್ಲಿಯನ್ನು ಪೂರ್ತಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟು ಒಳಗೆ ಅಳುತ್ತಿದ್ದಳು. ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ನನಗೆ ಬಚ್ಚಲ ಗವಾಕ್ಷಿಯಿಂದ ಕೇಳಿಸಿತು. ಬಿಕ್ಕಿ ಬಿಕ್ಕಿ, ಚಿಕ್ಕ ಮಕ್ಕಳ ಅಳು. ಒಣಗಿದ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಒಳಗೆ ಹೋಗಿ ಟಿ.ವಿ. ಹಾಕಿದೆ.

ಹೊರಗೆ ಬಂದವಳ ಕಣ್ಣು, ಮೂಗು ಕೆಂಪಗಿತ್ತು. ಅಮ್ಮ ನೋಡಿದಳು. "ಇದೇನ್ ಕೂಸೇ, ಕಣ್ಣಿಂಗ್ ಆಗದೆ?"

ನಾನು ಅವಳಿಗಿಂತ ಮೊದಲೇ ಬಾಯಿ ಹಾಕಿದೆ. "ಶೀತ ಅಮ್ಮ. ನಮ್ಮ ನೀರು ಅವಳಿಗೆ ಒಗ್ಗಿಲ್ಲ."

ಯಾಕೆ ಹಾಗಂದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಅಳುತ್ತಾಳೆ ಅಂತ ತಿಳಿದರೆ ಅಪ್ಪ ಮೇಡಂಗೆ ಫೋನ್ ಮಾಡುತ್ತಾರೆ, ಮೇಡಂ ಬಂದು ಬೇರೆ ಮನೆಗೆ ಕರೆದುಕೊಂಡು ಹೋಗುತ್ತಾರೆ, ಆ ಮನೆಯ ಹುಡುಗಿ ಝ್ವೊಲೆಗೆ ಹೋಗುತ್ತಾಳೆ. ಶೀತ ಅಂದರೆ ಯಾರಿಗೂ ನಷ್ಟವಿಲ್ಲ ಅಂದುಕೊಂಡೆ.

ಅಮ್ಮ ಆಗಲೇ ಒಲೆ ಹಚ್ಚಿದ್ದಳು. ಮೆಣಸು, ಜೀರಿಗೆ, ಶುಂಠಿ, ಬೆಲ್ಲ ಹಾಕಿ ಕುದಿಸಿದ ಕಷಾಯ, ಗಂಟಲು ಉರಿಯುವಂಥದ್ದು, ದೊಡ್ಡ ಲೋಟದ ತುಂಬ. ಅದರ ಜೊತೆಗೆ ಬೇಕರಿಯಿಂದ ಬ್ರೆಡ್ಡು. ನಮ್ಮ ಕಡೆ ಬ್ರೆಡ್ಡು ಕಾಯಿಲೆಯವರಿಗೆ ಕೊಡುವುದು. ಮಾರೈಕೆ ಲೋಟ ಹಿಡಿದು, "ಇದು ಏತಕ್ಕೆ?" ಅಂತ ನನ್ನನ್ನು ಕೇಳಿದಳು. "ನಮ್ಮ ಮನೆ ಪದ್ಧತಿ. ಸಂಜೆ ಸ್ನಾನ ಮಾಡಿದವರು ಕುಡೀಬೇಕು" ಅಂದೆ. ಪಾಪ, ಅವಳು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಅಂದಿನಿಂದ ದಿನವೂ ಸಂಜೆ ಆರಕ್ಕೆ ಅವಳು ಅತ್ತು ಬರುವುದು, ಆರೂವರೆಗೆ ಅಮ್ಮ ಕಷಾಯ ಕೊಡುವುದು ನಡೆದುಕೊಂಡು ಬಂತು. ಹಬ್ಬದ ದಿನವೂ ತಪ್ಪಲಿಲ್ಲ.

ನವೆಂಬರ್ ತಿಂಗಳಲ್ಲಿ ಒಂದು ಭಾನುವಾರ ಎದ್ದು ನೋಡಿದರೆ ನನ್ನ ಸೈಕಲ್ ಇರಲಿಲ್ಲ, ಮಾರೈಕೆಯೂ ಇರಲಿಲ್ಲ. ಮೇಜಿನ ಮೇಲೆ ದುಂಡು ದುಂಡು ಅಕ್ಷರದ ಚೀಟಿ: 'ನಾನು ಸೋಮನಾಥಪುರ ನೋಡುತ್ತೇನೆ. ಸಂಜೆ ಬರುತ್ತೇನೆ.' ಅಮ್ಮ ಎದೆ ಎದೆ ಬಡಿದುಕೊಂಡಳು. ಅಪ್ಪ ಫೋನ್ ಕೈಗೆತ್ತಿಕೊಂಡು ಮೇಡಂ ನಂಬರ್ ಹುಡುಕತೊಡಗಿದರು. ಮೇಡಂಗೆ ತಿಳಿದರೆ ನನ್ನ ಝ್ವೊಲೆ ಮುಗಿದ ಹಾಗೆ.

"ನಾನೇ ಕಳಿಸಿದ್ದು ಅಪ್ಪ" ಅಂದೆ. "ನರಸೀಪುರದ ಅತ್ತೆ ಮನೆಗೆ ಹೋಗಿರು, ಅವರು ಕರ್ಕೊಂಡು ಹೋಗ್ತಾರೆ ಅಂದಿದ್ದೆ. ನಾನೂ ಬಸ್ಸಲ್ಲಿ ಹೋಗಿ ಸೇರ್ಕೋತೀನಿ."

ಅಪ್ಪ ಫೋನ್ ಇಟ್ಟು ನನ್ನ ಮುಖವನ್ನೇ ನೋಡಿದರು. "ಓಗ್ ಮತ್ತೆ. ಜ್ವಾಪಾನ" ಅಂದರು, ಅಷ್ಟೇ.

ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಎಲ್ಲರೂ ನೋಡಿದ್ದರು. ಹೂವಿನವಳು, "ಬೆಳ್ಳಗಿರ ಕೂಸಾ? ಅಗಾ, ಸೈಕಲ್ ತಳ್ಕೊಂಡು ಒಳೆ ತಾವ್ಕೆ ಓದ್ಲು" ಅಂದಳು. ಕಬಿನಿ, ಕಾವೇರಿ ಕೂಡುವ ಕಡೆ ಮೆಟ್ಟಿಲ ಮೇಲೆ ಬೂಟು ಬಿಚ್ಚಿಟ್ಟು, ನೀರಿಗೆ ಕಾಲು ಬಿಟ್ಟುಕೊಂಡು ಕೂತಿದ್ದಳು. ಸೈಕಲ್ಲಿನ ಹಿಂದಿನ ಟಯರು ನೆಲಕ್ಕೆ ಅಂಟಿತ್ತು. ಮುಖವೆಲ್ಲ ಧೂಳು, ಬಿಸಿಲಿಗೆ ಮೂಗು ಸುಲಿದಿತ್ತು. ಬಂದಾಗಿನಿಂದ ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಅದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು.

"ನಿನಗೆ ಬುದ್ಧಿ ಇದೆಯಾ? ಮನೇಲಿ ಎಲ್ಲರೂ ಸಾಯ್ತಿದ್ದಾರೆ!"

"ನಾನು ಚೀಟಿ ಬರೆದಿದ್ದೆ" ಅಂದಳು. ಆಮೇಲೆ ಮೆಲ್ಲಗೆ, "ಪವಿತ್ರ, ಇಂದು ನಾನು ಅಳಲಿಲ್ಲ" ಅಂದಳು.

ನನ್ನ ಮುಂದೆ ಅವಳು ಆ ಮಾತು ಎತ್ತಿದ್ದು ಅದೇ ಮೊದಲು. ಅಲ್ಲೇ ಪಕ್ಕದಲ್ಲಿ ಕೂತು ಕೇಳಬಹುದಿತ್ತು. ನಾನು ಕೇಳಿದ್ದು, "ಪಂಕ್ಚರ್ ಎಲ್ಲಾಯ್ತು?"

ಅವಳು ಕಾಲು ಮೇಲೆತ್ತಿಕೊಂಡು ಬೂಟು ಹಾಕಿಕೊಂಡಳು. "ಇಲ್ಲಿಂದ ಹತ್ತೇ ಕಿಲೋಮೀಟರ್. ಬಸ್ಸು ಇದೆ. ಬಾ, ನಾವಿಬ್ಬರೂ ನೋಡೋಣ" ಅಂದಳು.

ಮನೆಯಲ್ಲಿ ಅಪ್ಪ ಫೋನಿನ ಪಕ್ಕದಲ್ಲಿ ಕೂತಿರುವುದು ನನ್ನ ಕಣ್ಣಿಗೆ ಕಟ್ಟಿತ್ತು. ಬೇಗ ಕರೆದುಕೊಂಡು ಹೋದಷ್ಟೂ ಒಳ್ಳೆಯದು. "ಇನ್ನೊಂದ್ಸಲ ನೋಡೋಣ" ಅಂದೆ. ಬಾಯಿಂದ ಬಿದ್ದ ಮೇಲೆ ಕಿವಿಗೆ ಕೇಳಿಸಿತು. ಥೇಟ್ ಅಪ್ಪನ ದನಿ. ಮಾರೈಕೆ ಸೈಕಲ್ ತಳ್ಳಿಕೊಂಡು ನನ್ನ ಹಿಂದೆ ಬಂದಳು. ಅವತ್ತು ಸಂಜೆ ನಲ್ಲಿಯ ಸದ್ದು ಎಂದಿಗಿಂತ ಹೆಚ್ಚು ಹೊತ್ತು ಕೇಳಿಸಿತು.

ಜನವರಿಯಲ್ಲಿ ಅರ್ಜಿ ಬಂತು. ಮಾರೈಕೆ ತನ್ನ ಪತ್ರವನ್ನು ಆಗಲೇ ಬರೆದು ಕಳಿಸಿದ್ದಳು. ಏನು ಬರೆದೆ ಅಂತ ಹೆದರಿ ಹೆದರಿ ಕೇಳಿದೆ. "ಒಳ್ಳೆಯ ಜನ ಎಂದು ಬರೆದೆ. ಅದು ನಿಜ ತಾನೆ" ಅಂದಳು. ಒಂದು ಷರತ್ತು ಮುಗಿಯಿತು. ಇನ್ನು ಸಹಿ. ಅರ್ಜಿಯನ್ನು ಅಪ್ಪನ ಕೈಗೆ ಕೊಟ್ಟೆ. ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡರು. ದಿನವೂ ಬೆಳಿಗ್ಗೆ ಹೊಸ ಅಂಗಿಯ ಜೇಬಿಗೆ ಅದನ್ನು ಬದಲಾಯಿಸಿಕೊಂಡು ಅಂಗಡಿಗೆ ಹೋಗುತ್ತಿದ್ದರು. ಕೇಳಿದರೆ, "ನೋಡೋಣ."

ನಾನು ಸುಮ್ಮನೆ ಕೂತಿರಲಿಲ್ಲ. ನಮ್ಮ ಮನೆಯಲ್ಲಿ ಯಾವ ಕೆಲಸವಾದರೂ ಹೇಗೆ ಆಗುತ್ತದೆ ಅಂತ ನನಗೆ ಗೊತ್ತು. ಅಪ್ಪ ನೋಡೋಣ ಅನ್ನುತ್ತಾರೆ. ಅಮ್ಮ ಸಮಯ ನೋಡಿ ಒಂದು ಮಾತು ಹಾಕುತ್ತಾಳೆ. ನರಸೀಪುರದ ಅತ್ತೆ ಬಂದು ಇನ್ನೊಂದು ಮಾತು ಹಾಕುತ್ತಾರೆ. ಅಪ್ಪ ಒಂದು ದಿನ ಯಾರಿಗೂ ಹೇಳದೆ ಮಾಡಿಬಿಟ್ಟಿರುತ್ತಾರೆ. ನನ್ನನ್ನು ಬಿ.ಎಸ್ಸಿ.ಗೆ ಸೇರಿಸಿದ್ದೂ ಹಾಗೆಯೇ. ಅಮ್ಮನನ್ನು ಒಪ್ಪಿಸಿದ್ದೆ. ಅತ್ತೆ ಮೂವತ್ತನೇ ತಾರೀಖು ಸಂಜೆ ಬರುವವರಿದ್ದರು. ಒಂದು ದಿನ ಉಳಿಯುತ್ತಿತ್ತು. ಸಾಕಾಗುತ್ತಿತ್ತು.

ಮೂವತ್ತನೇ ತಾರೀಖು ಮಧ್ಯಾಹ್ನ ಅಪ್ಪ ಊಟಕ್ಕೆ ಬಂದರು. ಅಮ್ಮ ಹಿತಕಿದ ಅವರೆಬೇಳೆ ಸಾರು ಮಾಡಿದ್ದಳು. ಎಲ್ಲರೂ ಕೂತಿದ್ದೆವು. ಮಾರೈಕೆ ತಟ್ಟೆಗೆ ಕೈ ಇಟ್ಟಿರಲಿಲ್ಲ.

"ಅಪ್ಪ, ಪವಿತ್ರ ನಮ್ಮ ಮನೆಗೆ ಬರುತ್ತಾಳೆಯೇ?"

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅಪ್ಪ ಮುದ್ದೆ ಮುರಿಯುತ್ತಾ, "ನೋಡೋಣ ಮರಿ" ಅಂದರು.

"ಅಪ್ಪ, ನಾಳೆ ಕೊನೆಯ ದಿನ. ನೋಡಲು ಸಮಯವಿಲ್ಲ. ಹೌದೇ? ಇಲ್ಲವೇ? ಒಂದು ಹೇಳಿ."

ಅಮ್ಮನ ಸೌಟು ಪಾತ್ರೆಯ ಮೇಲೆ ನಿಂತಿತು. ನಮ್ಮ ಮನೆಯಲ್ಲಿ ಅಪ್ಪನನ್ನು ಹಾಗೆ ಯಾರೂ ಕೇಳಿರಲಿಲ್ಲ. ಅಪ್ಪ ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು.

"ಇಲ್ಲ" ಅಂದರು.

ಆ ಮಾತು ಆಮೇಲೆ ಬದಲಾಗಲಿಲ್ಲ. ಸಂಜೆ ಅತ್ತೆ ಬಂದರೂ ಬದಲಾಗಲಿಲ್ಲ. ನಾನು ಝ್ವೊಲೆಗೆ ಹೋಗಲಿಲ್ಲ ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ.

ನಾನು ಎದ್ದು ನಿಂತು ಕಿರುಚಿದ್ದು ಮಾರೈಕೆಯ ಮೇಲೆ. "ನಿನ್ನನ್ನ ಯಾರು ಕೇಳು ಅಂದ್ರು? ನೋಡೋಣ ಅಂತಿದ್ದವರು! ಇನ್ನೂ ಒಂದು ದಿನ ಇತ್ತು! ಎಲ್ಲ ಹಾಳು ಮಾಡಿಬಿಟ್ಟೆ!" ಅವಳು ಬಿಟ್ಟ ಕಣ್ಣು ಬಿಟ್ಟಂತೆ, "ನೋಡೋಣ ಎಂದರೆ ಇಲ್ಲ ಎಂದು ನೀನೇ ಹೇಳಿದೆ" ಅಂದಳು. ನಿಜ. ನಾನೇ ಹೇಳಿದ್ದು. ನೋಡೋಣ ಅಂದರೆ ಇಲ್ಲ, ಆದರೆ ಇನ್ನೂ ಪೂರ್ತಿ ಇಲ್ಲ ಅಲ್ಲ, ಅದನ್ನು ಅವಳ ಆ ಪುಟ್ಟ ಪುಸ್ತಕದಲ್ಲಿ ಹೇಗೆ ಬರೆಸಲಿ?

ಆಮೇಲೆ ಅಪ್ಪನ ಕಡೆ ತಿರುಗಿದೆ. ಅಷ್ಟು ವರ್ಷ ಅವರು ನೋಡೋಣ ಅಂದಾಗ ನನಗೆ ಕೇಳಲು ಆಗದೆ ಇದ್ದ ಒಂದು ಮಾತು ಈಗ ಕೇಳಬಹುದಿತ್ತು.

"ಯಾಕಪ್ಪ?"

ಅಪ್ಪ ಕೈ ತೊಳೆದುಕೊಂಡು ಬಂದು ಮತ್ತೆ ಕೂತರು. ಜೇಬಿನಿಂದ ಅರ್ಜಿ ತೆಗೆದು ಮೇಜಿನ ಮೇಲಿಟ್ಟು, ಮಡಿಕೆಯನ್ನು ಅಂಗೈಯಿಂದ ತೀಡಿದರು. ಮಾತಾಡುವಾಗ ನನ್ನನ್ನು ನೋಡಲಿಲ್ಲ, ಮಾರೈಕೆಯನ್ನೂ ನೋಡಲಿಲ್ಲ.

"ಈ ಕೂಸ್‌ಗೆ ನಾವೇನ್ ಕಮ್ಮಿ ಮಾಡುದ್ವು ಏಳು. ನಿಮ್ಮಮ್ಮ ನಿಂಗಿಂತ ಎಚ್ಚಾಗ್ ನೋಡ್ಕಂಡವ್ಳೆ. ಆದ್ರೂ ದಿನಾ ಸಂಜೆ ಬಚ್ಚಲ್ಲಿ ಕೂತ್ಕಂಡು ಅಳ್ತಾಳೆ. ನಂಗ್ ಗೊತ್ತಿಲ್ಲ ಅನ್ಕಂಡಿದ್ಯಾ? ದೀಪಾವಳಿ ದಿನ ಅಂಗ್ಡಿ ಬ್ಯಾಗ ಮುಚ್ಚಿ ಇತ್ಲು ಬಾಗ್ಲಿಂದ ಬಂದೆ. ಆಗ ಕೇಳುಸ್ತು."

ಅಮ್ಮ ಸೌಟು ಕೆಳಗಿಟ್ಟಳು. "ಅಳ್ತಿತ್ತಾ? ಶೀತ ಅಂತಲ್ವಾ ಇವ್ಳು..."

"ಶೀತ ಅಂತ ಇವ್ಳು ಏಳುದ್ಲು" ಅಂದರು ಅಪ್ಪ. "ನೀ ಕಷಾಯ ಕಾಯ್ಸುದೆ. ಆಮ್ಯಾಕೆ ನಾನೂ ಏನ್ ಮಾಡ್ದೆ? ಸುಮ್ನಿದ್ದೆ. ಮೇಡಂಗೆ ಏನಂತ ಏಳದು, ಮನೆ ಮರ್ಯಾದೆ ಅಂದ್ಬುಟ್ಟು." ಅರ್ಜಿಯನ್ನು ನನ್ನ ಕಡೆಗೆ ಸರಿಸಿದರು. "ನೀ ಅಲ್ಲಿಗೋದ್ರೂ ಅಳ್ತೀಯ ಕಣವ್ವ. ಅಳದಕ್ಕೆ ಎದ್ರಲ್ಲ ನಾನು. ಆ ಮನೇಲೂ ನಿನ್ನಂಗೇ ಒಂದ್ ಕೂಸಿರ್ತದೆ, ನನ್ನಂಗೇ ಒಬ್ಬ ಅಪ್ಪ ಇರ್ತಾನೆ. ಶೀತ ಅಂದ್ಬುಟ್ಟು ಸುಮ್ಕಾಯ್ತಾರೆ. ಅಷ್ಟ್ ದೂರ್ದಲ್ಲಿ ನಿನ್ನ ಯಾರು ಕೇಳೋರು?"

ಅಷ್ಟು ದಿನದ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ನಾಚಿಕೆಯಾಯಿತು, ತಲೆಯೆತ್ತಲಾರದಷ್ಟು ನಾಚಿಕೆ. ಅಪ್ಪ ಅರ್ಜಿಯನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕಣ್ಣಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಮಾರೈಕೆಗೆ ಅಪ್ಪನ ಮಾತಿನಲ್ಲಿ ನಾಲ್ಕು ಪದವೂ ಹಿಡಿದಿರಲಿಲ್ಲ. ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು.

"ಅಪ್ಪ ಏನು ಹೇಳಿದರು?"

ಐದು ತಿಂಗಳಿಂದ ಎಷ್ಟು ಮಾತನ್ನು ಕತ್ತರಿಸಿ ಕೊಟ್ಟಿದ್ದೆ. ಈಗಲೂ ಏನಾದರೊಂದು ಹೇಳಬಹುದಿತ್ತು. ಓದು ಕೆಡುತ್ತೆ ಅಂದರು, ಪರೀಕ್ಷೆ ಇದೆ ಅಂದರು ಅಂತ. ಅವಳು ನಂಬುತ್ತಿದ್ದಳು.

ಹೇಳಿದೆ. ಅಪ್ಪ ಆಡಿದ್ದನ್ನು ಒಂದೊಂದಾಗಿ ಇಂಗ್ಲಿಷಿಗೆ ತಿರುಗಿಸಿ, ಯಾವುದನ್ನೂ ಬಿಡದೆ ಹೇಳಿದೆ. ಅವರು ಆಡದೆ ಇದ್ದದ್ದನ್ನೂ ಹೇಳಿದೆ. ನೀನು ಅಳುವುದು ನನಗೆ ಎರಡನೇ ತಿಂಗಳಿನಿಂದಲೇ ಗೊತ್ತು. ಗೊತ್ತಾದರೆ ನಿನ್ನನ್ನು ಬೇರೆ ಮನೆಗೆ ಕಳಿಸುತ್ತಾರೆ, ನಾನು ಹೋಗುವುದು ತಪ್ಪುತ್ತದೆ ಅಂತ ಶೀತ ಅಂದೆ. ನರಸೀಪುರದಲ್ಲಿ ನೀನಾಗಿಯೇ ಹೇಳಿದಾಗಲೂ ಕೇಳಿಸದವಳಂತೆ ಮಾಡಿದೆ.

ಅವಳ ತಟ್ಟೆಯಲ್ಲಿ ಸಾರು ಆರಿ ಕೆನೆ ಕಟ್ಟಿತ್ತು.

"ಆ ಕಷಾಯ?" ಅಂತ ಕೇಳಿದಳು. "ಪದ್ಧತಿ ಎಂದೆಯಲ್ಲ."

"ಪದ್ಧತಿ ಅಲ್ಲ. ನೀನು ಅಳುತ್ತಿದ್ದದ್ದಕ್ಕೆ, ಶೀತ ಅಂತ ಅಮ್ಮ ಕೊಟ್ಟ ಔಷಧಿ."

"ದಿನವೂ? ನಿನಗೆ ಗೊತ್ತಿದ್ದೂ?"

"ಹೌದು" ಅಂದೆ.